ಎಂಜಿನ್ ಇಳಿಸುವ ಕಸುಬು: ಕಪಿಲೆ ಬಾವಿಯಿಂದ ಕಾರಿನ ಅಂಗಳದವರೆಗೆ

ಕಾರಿನ ಎಂಜಿನ್ ಇಳಿಸುವ ಕೆಲಸದಲ್ಲಿ ನಾಲ್ಕು ಹಂತಗಳಿವೆ. ಮೊದಲು ಎಂಜಿನ್ನಿನ ಭಾರವನ್ನು ಬೇರೊಂದು ಆಸರೆಗೆ ವಹಿಸಬೇಕು. ಆಮೇಲೆ ಅದನ್ನು ಗಾಡಿಗೆ ಹಿಡಿದಿಟ್ಟಿರುವ ಮೌಂಟುಗಳಿಂದ ಬಿಡಿಸಬೇಕು. ಎತ್ತಿ ಗಾಡಿಯಿಂದ ಆಚೆ ತರಬೇಕು. ಕೊನೆಗೆ ಅಲುಗದಂತೆ ನೆಲದ ಮೇಲೆ ಕೂರಿಸಬೇಕು. ಹಳೆಯ ಅಂಬಾಸಿಡರ್ ಅಥವಾ ಜೀಪಿನ ಎಂಜಿನ್ ಗೇರ್‌ಬಾಕ್ಸ್ ಸಮೇತ ಎರಡು ಕ್ವಿಂಟಲ್ ಆಸುಪಾಸು ತೂಗುತ್ತದೆ. ಭತ್ತದ ಮೂಟೆ ಹೊತ್ತು ಪಳಗಿದ ಆಳುಗಳಿಗೆ ಇದು ಭಯ ಹುಟ್ಟಿಸುವ ತೂಕವಲ್ಲ. ಆದರೆ ಮೂಟೆಗೆ ಇಲ್ಲದ ಗುಣವೊಂದು ಎಂಜಿನ್ನಿಗಿದೆ. ಅದರ ತೂಕ ಒಂದೇ ಸಮ ಹಂಚಿಹೋಗಿಲ್ಲ, ಹಿಡಿಯಲು ಸರಿಯಾದ ಜಾಗವಿಲ್ಲ, ಮೈಯೆಲ್ಲ ಎಣ್ಣೆಯ ಜಿಡ್ಡು. ಆಸರೆ ತಪ್ಪಿದರೆ ಅದು ನೇರವಾಗಿ ಬೀಳುವುದಕ್ಕಿಂತ ಮೊದಲು ಮಗುಚುತ್ತದೆ. ಈ ಕಸುಬಿನ ಚರಿತ್ರೆಯೆಂದರೆ ಭಾರ ಎತ್ತುವ ಬಲದ ಚರಿತ್ರೆಗಿಂತ ಹೆಚ್ಚಾಗಿ ಆಸರೆಯ ಚರಿತ್ರೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲೂಕುಗಳಲ್ಲಿ ಈ ವಿದ್ಯೆ ಕಾರಿನೊಂದಿಗೆ ಬಂದದ್ದಲ್ಲ. ಹಳ್ಳಿಗಳಲ್ಲಿ ಸ್ವಂತ ಕಾರು ಸಾಮಾನ್ಯವಾದದ್ದು ಇತ್ತೀಚಿನ ಮೂರು-ನಾಲ್ಕು ದಶಕಗಳಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ಇಲ್ಲಿನ ಜನ ಬಾವಿಗೆ ಎಂಜಿನ್ ಇಳಿಸಿದ್ದರು, ಆಲೆಮನೆಗೆ ಎಂಜಿನ್ ಸಾಗಿಸಿದ್ದರು, ಕೊಳವೆಬಾವಿಯಿಂದ ಮೋಟಾರು ಎತ್ತಿದ್ದರು. ಹೊಣಕೆರೆಯಂಥ ಹೋಬಳಿಯಲ್ಲಿ ಕಾರಿನ ಎಂಜಿನ್ ಕೆಡುವ ಹೊತ್ತಿಗೆ ಅದನ್ನು ಇಳಿಸಬಲ್ಲ ಕೈಗಳು ಆಗಲೇ ಪಳಗಿದ್ದವು.

ಇನ್ನೂ ಹಿಂದಕ್ಕೆ ಹೋದರೆ ಕಲ್ಲು ಮತ್ತು ತೇರು ಸಿಗುತ್ತವೆ. ನಾಗಮಂಗಲ ತಾಲೂಕಿನ ಕಂಬದಹಳ್ಳಿಗೆ ಆ ಹೆಸರು ತಂದ ಬ್ರಹ್ಮದೇವರ ಕಂಬ ಐವತ್ತು ಅಡಿಯ ಆಸುಪಾಸಿನದು. ಅದನ್ನು ನಿಲ್ಲಿಸಿದವರು ಬರೆದಿಟ್ಟ ವಿಧಾನವೇನೂ ಉಳಿದಿಲ್ಲ. ಆದರೆ ಹಾರೆ, ಮರದ ದಿಮ್ಮಿ, ಹಗ್ಗ, ಸನ್ನೆಗೋಲು ಇವಿಷ್ಟನ್ನೇ ನೆಚ್ಚಿಕೊಂಡು ಕಲ್ಲು ಸಾಗಿಸುವ ರೂಢಿ ಕಲ್ಲುಕುಟಿಗರಲ್ಲಿ ಮೊನ್ನೆ ಮೊನ್ನೆಯವರೆಗೂ ಇತ್ತು. ತೇರಿನ ದಿನ ಇದೇ ವಿದ್ಯೆ ಊರ ಮುಂದೆ ಪ್ರದರ್ಶನಗೊಳ್ಳುತ್ತದೆ. ಮೇಲುಕೋಟೆಯಂಥ ಕ್ಷೇತ್ರದಲ್ಲಿ ತೇರು ಎಳೆಯುವವರು ನೂರಾರು ಮಂದಿಯಾದರೂ ತೇರಿನ ಗತಿಯನ್ನು ನಿರ್ಧರಿಸುವವರು ಚಕ್ರದ ಬುಡದಲ್ಲಿ ಮರದ ಸನ್ನೆ ಹಿಡಿದ ನಾಲ್ಕಾರು ಜನ. ಎಳೆಯುವವರಿಗೆ ಕೂಗಿ ಹೇಳುವವನು ಒಬ್ಬನೇ. ಭಾರ ಚಲಿಸುವಾಗ ಅಪ್ಪಣೆ ಒಂದೇ ಬಾಯಿಂದ ಬರಬೇಕು ಎಂಬ ಕಟ್ಟುಪಾಡು ವರ್ಕ್‌ಶಾಪುಗಳಿಗೂ ಹಾಗೆಯೇ ಇಳಿದು ಬಂದಿದೆ.

ಯಂತ್ರಗಳ ಭಾರ ಈ ಸೀಮೆಯ ರಸ್ತೆಗಳಿಗೆ ಬಂದದ್ದು ರೈಲಿನೊಂದಿಗೆ. ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಳಿ 1881–82ರ ಹೊತ್ತಿಗೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಹಾದು ಮೈಸೂರು ಮುಟ್ಟಿತು. ಇಪ್ಪತ್ತು ವರ್ಷಗಳ ನಂತರ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಗೆ ಟರ್ಬೈನು, ಜನರೇಟರುಗಳು ಹಡಗು, ರೈಲು ಹತ್ತಿ ಮದ್ದೂರಿಗೆ ಬಂದಿಳಿದವು. ಅಲ್ಲಿಂದ ಮುಂದೆ ಸುಮಾರು 30 ಮೈಲಿ ಹಳಿ ಇರಲಿಲ್ಲ. ಬಿಡಿಭಾಗಗಳನ್ನು ಗಾಡಿಗಳ ಮೇಲೆ ಹೇರಿ ಎತ್ತುಗಳಿಂದಲೂ ಆನೆಗಳಿಂದಲೂ ಎಳೆಸಲಾಯಿತು. 1902ರ ಜೂನ್ ಕೊನೆಯಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ವಿದ್ಯುತ್ತಿನ ಚರಿತ್ರೆಯಲ್ಲಿ ಈ ಘಟನೆಗೆ ಸಿಕ್ಕಿರುವ ಗೌರವ ಗಾಡಿ ಹೊಡೆದವರಿಗೆ ಸಿಕ್ಕಿಲ್ಲ. ಆ ಯಂತ್ರಗಳು ಇಳಿಜಾರಿನಲ್ಲಿ ಉರುಳದೆ ನದಿಯ ದಡ ಮುಟ್ಟಿದ್ದು ಅವರ ಕೈಚಳಕದಿಂದ.

ಹಳ್ಳಿಯ ರೈತ ಸ್ವತಃ ಎಂಜಿನ್ನಿಗೆ ಹೆಗಲು ಕೊಟ್ಟದ್ದು ಬಾವಿಯ ದೆಸೆಯಿಂದ. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಪಾಂಡವಪುರದ ಕೆಲವು ಭಾಗಗಳನ್ನು ಹಸಿರು ಮಾಡಿತು. ನಾಗಮಂಗಲದ ಬಹುಪಾಲು ಬಯಲು ಮಳೆ, ಕೆರೆ, ಬಾವಿಗಳನ್ನೇ ನಂಬಿಕೊಂಡಿತ್ತು. ಬಾವಿಯಿಂದ ನೀರೆತ್ತಲು ಕಪಿಲೆ ಇತ್ತು. ಬಾವಿಯ ಬಾಯಿಗೆ ಎರಡು ಕಲ್ಲುಕಂಬ, ಅವುಗಳ ನಡುವೆ ಮರದ ರಾಟೆ, ರಾಟೆಯ ಮೇಲೆ ಮಿಣಿ, ಮಿಣಿಯ ತುದಿಗೆ ಚರ್ಮದ ಬಾನಿ. ಎತ್ತುಗಳು ಇಳಿಜಾರು ದಾರಿಯಲ್ಲಿ ಕೆಳಮುಖವಾಗಿ ನಡೆದರೆ ಬಾನಿ ಮೇಲೆ ಬರುತ್ತಿತ್ತು. ಹೀಗೆ ಕಟ್ಟಿದ ಒಂಟಿ ರಾಟೆ ಭಾರವನ್ನು ಕಡಿಮೆ ಮಾಡುವುದಿಲ್ಲ, ಬಲದ ದಿಕ್ಕನ್ನಷ್ಟೇ ಬದಲಿಸುತ್ತದೆ. ಆದರೂ ಕಪಿಲೆ ಹೊಡೆದು ಬೆಳೆದವರಿಗೆ ಕೆಲವು ಸಂಗತಿಗಳು ಹೇಳಿಕೊಡದೆ ತಿಳಿದಿದ್ದವು. ಹಗ್ಗ ಎಲ್ಲಿ ಉಜ್ಜುತ್ತದೋ ಅಲ್ಲಿಯೇ ಹರಿಯುತ್ತದೆ. ತೂಗುವ ಭಾರವನ್ನು ಜಗ್ಗಿ ಎಳೆದರೆ ಅದು ತೊನೆಯುತ್ತದೆ. ಮಿಣಿ ಬಿಗಿಯಾಗಿರುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು.

1930ರ ಸುಮಾರಿನಿಂದ ಇಂಗ್ಲೆಂಡಿನ ಡರ್ಸ್ಲಿಯಲ್ಲಿ ತಯಾರಾದ ಲಿಸ್ಟರ್ ಎಂಜಿನ್ನುಗಳು ಭಾರತದ ಹೊಲಗಳಿಗೆ ಬರತೊಡಗಿದವು. ಮುಂದೆ ಗುಜರಾತಿನ ರಾಜ್‌ಕೋಟ್‌ನಲ್ಲಿ ಅದೇ ಮಾದರಿಯವು ತಯಾರಾದವು. 1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ನಿಮಿಷಕ್ಕೆ ಆರುನೂರರಷ್ಟು ಸುತ್ತುವ ನಿಧಾನಗತಿಯ ಲಿಸ್ಟರ್ ಮಾದರಿಯ ಎಂಜಿನ್ ಎರಡು ದಪ್ಪ ಫ್ಲೈವೀಲುಗಳ ಸಮೇತ ಮೂರು ಕ್ವಿಂಟಲ್ ಮೀರುತ್ತಿತ್ತು. ಅದನ್ನು ಬಾವಿಯ ದಡದ ಮೇಲೆ ಇಟ್ಟುಕೊಂಡೇ ನೀರೆತ್ತುವಂತಿದ್ದರೆ ತಾಪತ್ರಯವಿರಲಿಲ್ಲ. ಹಾಗಿರಲಿಲ್ಲ. ಹೀರುವ ಪಂಪು ನೀರನ್ನು ಎಳೆಯುವುದಿಲ್ಲ. ಪೈಪಿನೊಳಗಿನ ಗಾಳಿಯನ್ನು ತೆಗೆದಾಗ ಹೊರಗಿನ ವಾಯುಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಲೆಕ್ಕದ ಪ್ರಕಾರ ಅದರ ಮಿತಿ 10.3 ಮೀಟರ್. ಸಮುದ್ರಮಟ್ಟದಿಂದ ಸುಮಾರು ಏಳುನೂರು ಮೀಟರ್ ಮೇಲಿರುವ ಈ ಸೀಮೆಯಲ್ಲಿ ಅದು ಇನ್ನೂ ಕಡಿಮೆ. ಪೈಪಿನ ಸೋರಿಕೆ, ಘರ್ಷಣೆ ಕಳೆದರೆ ಆರೇಳು ಮೀಟರಿಗೆ ಆಟ ಮುಗಿಯುತ್ತದೆ. ಬೇಸಿಗೆಯಲ್ಲಿ ನೀರು ಅದಕ್ಕಿಂತ ಕೆಳಗೆ ಹೋದರೆ ಪಂಪೂ ಕೆಳಗಿಳಿಯಬೇಕು, ಅದರ ಜತೆ ಎಂಜಿನ್ನೂ.

ಹಾಗಾಗಿ ಬಾವಿಯ ಗೋಡೆಯಲ್ಲಿ ಕಲ್ಲಿನ ಕಟ್ಟೆ ಅಥವಾ ಅಡ್ಡತೊಲೆಗಳ ಅಟ್ಟಣೆ ಮಾಡಿ ಎಂಜಿನ್ ಇಳಿಸುವ ಪದ್ಧತಿ ಬಂತು. ಮೊದಲು ಫ್ಲೈವೀಲು, ಸೈಲೆನ್ಸರ್, ಡೀಸೆಲ್ ಟ್ಯಾಂಕುಗಳನ್ನು ಬಿಚ್ಚಿ ಭಾರ ಇಳಿಸುತ್ತಿದ್ದರು. ಬಾವಿಯ ಬಾಯಿಗೆ ಎರಡು ದಪ್ಪ ತೊಲೆ ಹಾಸಿ, ಎಂಜಿನ್ನಿನ ಬುಡಕ್ಕೆ ಎರಡು ಸುತ್ತು ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಹತ್ತಿರದ ಮರದ ಬೊಡ್ಡೆಗೆ ಮೂರು ನಾಲ್ಕು ಸುತ್ತು ಸುತ್ತುತ್ತಿದ್ದರು. ಬೊಡ್ಡೆಯ ಸುತ್ತಿನಲ್ಲಿ ಹುಟ್ಟುವ ಘರ್ಷಣೆಯೇ ಭಾರದ ಬಹುಪಾಲನ್ನು ಹೊರುತ್ತದೆ. ತುದಿ ಹಿಡಿದವನು ಗೇಣು ಗೇಣಾಗಿ ಹಗ್ಗ ಸಡಿಲಿಸಿದರೆ ಸಾಕು. ಎಂಜಿನ್ ಗೋಡೆಗೆ ಬಡಿಯದಂತೆ ಇನ್ನೊಂದು ತೆಳು ಹಗ್ಗ ಕಟ್ಟಿ ಎದುರು ದಡದಿಂದ ಒಬ್ಬ ಹಿಡಿದಿರುತ್ತಿದ್ದ. ಎಂಜಿನ್ ಕಟ್ಟೆ ಮುಟ್ಟುವವರೆಗೆ ಬಾವಿಯೊಳಗೆ ಯಾರೂ ಇಳಿಯುವಂತಿರಲಿಲ್ಲ. ಬಲಕ್ಕಿಂತ ಜಾಣ್ಮೆ ದುಡಿದ ಕೆಲಸವಿದು. ಇಂದಿನ ಕ್ರೇನ್ ಚಾಲಕರ ತರಬೇತಿಯಲ್ಲಿ ಕಲಿಸುವ ನಿಯಮಗಳಲ್ಲಿ ಅರ್ಧಕ್ಕರ್ಧ ಇದರಲ್ಲೇ ಅಡಗಿವೆ. ಬಾವಿಗೆ ಎಂಜಿನ್ ಇಳಿಸುವ ಪದ್ಧತಿಗೆ ಕೆಡುಕೂ ಇತ್ತು. ಬಾವಿಯೊಳಗೆ ಓಡುವ ಎಂಜಿನ್ನಿನ ಹೊಗೆ ಮೇಲೇರದೆ ತಳದಲ್ಲೇ ತುಂಬಿಕೊಳ್ಳುತ್ತಿತ್ತು. ಆ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಟ್ಟ ಎಂಜಿನ್ ನೋಡಲು ಇಳಿದವನು ಪ್ರಜ್ಞೆ ತಪ್ಪುವುದು, ಅವನನ್ನು ಎತ್ತಲು ಹೋದವನೂ ಬೀಳುವುದು ಇಂಥ ಬಾವಿಗಳಿರುವ ಎಲ್ಲ ಸೀಮೆಗಳ ದುರಂತ.

ಆಲೆಮನೆಯ ಕಥೆ ಬೇರೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಹುಟ್ಟಿತು, ಕಬ್ಬು ಹರಡಿತು. ಕಾರ್ಖಾನೆ ಕೊಳ್ಳದ ಕಬ್ಬು ಬೆಲ್ಲವಾಗುತ್ತಿತ್ತು. ಎತ್ತು ಕಟ್ಟಿ ತಿರುಗಿಸುತ್ತಿದ್ದ ಗಾಣದ ಜಾಗಕ್ಕೆ ಕಬ್ಬಿಣದ ಉರುಳೆಗಳ ಗಾಣವೂ ಅದನ್ನು ಬೆಲ್ಟಿನಿಂದ ತಿರುಗಿಸುವ ಎಂಜಿನ್ನೂ ಬಂದವು. ಆಲೆಮನೆ ಜಾಗ ಬದಲಿಸಿದಾಗ ಎಂಜಿನ್ ಎತ್ತಿನ ಗಾಡಿ ಹತ್ತಬೇಕು. ಇಲ್ಲಿ ಮೇಲಿಂದ ತೂಗುಹಾಕುವ ಪ್ರಮೇಯವಿಲ್ಲ. ಗಾಡಿಯ ಮೂಕಿಯನ್ನು ಮೇಲೆತ್ತಿ ಹಿಂಬದಿಯನ್ನು ನೆಲಕ್ಕೆ ತಾಗಿಸುವುದು, ಎರಡು ಹಲಗೆ ಒರಗಿಸುವುದು, ಎಂಜಿನ್ನಿನ ಅಡಿಗೆ ಉರುಟು ಕೊರಡು ಕೊಟ್ಟು ಹಾರೆಯಿಂದ ಮೀಟುತ್ತ ಏರಿಸುವುದು, ಪ್ರತಿ ಗೇಣಿಗೂ ಹಿಂದಿನಿಂದ ಕಲ್ಲು ಒತ್ತಿಡುವುದು. ಭಾರ ಎಂದೂ ಗಾಳಿಯಲ್ಲಿ ಇರುವುದಿಲ್ಲ, ಯಾವಾಗಲೂ ಯಾವುದಾದರೊಂದರ ಮೇಲೆ ಕೂತೇ ಇರುತ್ತದೆ. ನಿಧಾನವಾದರೂ ಇದರಷ್ಟು ಭದ್ರವಾದ ವಿಧಾನ ಇನ್ನೊಂದಿಲ್ಲ.

ಹಗ್ಗ, ಹಾರೆಗಳ ಈ ಲೋಕಕ್ಕೆ ನಿಜವಾದ ತಿರುವು ಕೊಟ್ಟ ಸಲಕರಣೆ ಚೈನ್ ಬ್ಲಾಕ್. ಥಾಮಸ್ ವೆಸ್ಟನ್ ಎಂಬಾತ 1859ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ರಾಟೆ ಇದರ ಮೂಲ. ಬರ್ಮಿಂಗ್‌ಹ್ಯಾಮಿನ ಟ್ಯಾಂಗೀ ಸಹೋದರರು ಅದನ್ನು ತಯಾರಿಸಿ ಜಗತ್ತಿಗೆಲ್ಲ ಮಾರಿದರು. ಒಂದೇ ಅಚ್ಚಿಗೆ ಕೂಡಿಸಿದ ಎರಡು ಚಕ್ರಗಳಲ್ಲಿ ಒಂದು ಇನ್ನೊಂದಕ್ಕಿಂತ ತುಸುವೇ ಚಿಕ್ಕದು. ಚೈನು ದೊಡ್ಡದರಿಂದ ಮೇಲೇರುತ್ತ ಚಿಕ್ಕದರಿಂದ ಕೆಳಗಿಳಿಯುತ್ತದೆ. ಎರಡರ ವ್ಯತ್ಯಾಸದ ಅರ್ಧದಷ್ಟೇ ಭಾರ ಮೇಲೇಳುತ್ತದೆ. ಒಂದರಲ್ಲಿ ಹತ್ತು ಗುಳಿ, ಇನ್ನೊಂದರಲ್ಲಿ ಒಂಬತ್ತು ಗುಳಿ ಇದ್ದರೆ ಕೈಯಲ್ಲಿ ಇಪ್ಪತ್ತು ಅಡಿ ಚೈನು ಎಳೆದಾಗ ಎಂಜಿನ್ ಒಂದಡಿ ಏರುತ್ತದೆ. ಎಳೆದ ಶ್ರಮದಲ್ಲಿ ಅರ್ಧಕ್ಕೂ ಹೆಚ್ಚು ಘರ್ಷಣೆಗೇ ಹೋಗುತ್ತದೆ. ಈ ನಷ್ಟವೇ ಅದರ ದೊಡ್ಡ ಉಪಕಾರ: ಕೈ ಬಿಟ್ಟರೂ ಭಾರ ಕೆಳಗೆ ಜಾರದೆ ನಿಂತಲ್ಲೇ ನಿಲ್ಲುತ್ತದೆ. ಕಪಿಲೆಯ ರಾಟೆಯಲ್ಲಾಗಲಿ ಬೊಡ್ಡೆಗೆ ಸುತ್ತಿದ ಹಗ್ಗದಲ್ಲಾಗಲಿ ಒಬ್ಬ ಮನುಷ್ಯನ ಹಿಡಿತದ ಮೇಲೆ ಉಳಿದವರ ಜೀವ ನಿಂತಿತ್ತು. ಚೈನ್ ಬ್ಲಾಕ್ ಆ ಹೊಣೆಯನ್ನು ಕಬ್ಬಿಣಕ್ಕೆ ವಹಿಸಿತು. ಹಲ್ಲುಚಕ್ರ ಮತ್ತು ಬ್ರೇಕ್ ಇರುವ ಈಗಿನ ಮಾದರಿಗಳು ಇದೇ ಗುಣವನ್ನು ಕಡಿಮೆ ಶ್ರಮದಲ್ಲಿ ಸಾಧಿಸುತ್ತವೆ. ಭಾರತದಲ್ಲಿ 1962ರಲ್ಲಿ ಸ್ಥಾಪನೆಯಾದ ಹರ್ಕ್ಯುಲಿಸ್ ಹಾಯ್ಸ್ಟ್ಸ್ ಕಂಪನಿಯ ಇಂಡೆಫ್ ಬ್ಲಾಕುಗಳು ವರ್ಕ್‌ಶಾಪುಗಳಲ್ಲಿ ಮನೆಮಾತಾದವು.

ದೊಡ್ಡ ಪ್ರಮಾಣದ ಎಂಜಿನ್ ಕೆಲಸ ಇಲ್ಲಿನವರಿಗೆ ಕಾಣಸಿಕ್ಕಿದ್ದು ರೈಲ್ವೆ ಮತ್ತು ಬಸ್ಸುಗಳಲ್ಲಿ. ಮೈಸೂರಿನ ರೈಲ್ವೆ ವರ್ಕ್‌ಶಾಪ್ 1924ರದು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. ಡಿಪೋಗಳಲ್ಲಿ ಗುಂಡಿ, ಗರ್ಡರು, ಚೈನ್ ಬ್ಲಾಕ್ ಬಂದವು. ಇಂಥ ಕಡೆ ಕೈಕೆಲಸ ಕಲಿತವರು ಊರಿನ ಮುಖ್ಯರಸ್ತೆಗಳ ಪಕ್ಕ ಸ್ವಂತ ಶೆಡ್ಡು ಹಾಕಿದರು. ಅವರ ಬಳಿಗೆ ಮೊದಲು ಬಂದವು ಲಾರಿ, ಜೀಪು, ಆಮೇಲೆ ಅಂಬಾಸಿಡರ್.

1957ರಲ್ಲಿ ಮಾರುಕಟ್ಟೆಗೆ ಬಂದ ಅಂಬಾಸಿಡರ್ 2014ರವರೆಗೂ ತಯಾರಾಯಿತು. ಎಂಜಿನ್ ಇಳಿಸುವ ಕೆಲಸಕ್ಕೆ ಅಷ್ಟೂ ವರ್ಷ ಅದೇ ಪಾಠಶಾಲೆ. ಬಾನೆಟ್ಟು ಎತ್ತಿದರೆ ಎಂಜಿನ್ನಿನ ಎರಡೂ ಬದಿಯಲ್ಲಿ ಕೈಯಾಡುವಷ್ಟು ಜಾಗ. ಕೆಲಸದ ಕ್ರಮ ಬಹುಪಾಲು ಒಂದೇ. ಬ್ಯಾಟರಿ ತಂತಿ ಕಳಚಿ, ನೀರು ಮತ್ತು ಆಯಿಲ್ ಇಳಿಸಿ, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿ, ಬಾನೆಟ್ಟು, ರೇಡಿಯೇಟರ್ ತೆಗೆದು, ಸೈಲೆನ್ಸರ್ ಪೈಪ್ ಬಿಡಿಸುವುದು. ಇಷ್ಟಾದ ಮೇಲೆ ಮೌಂಟಿನ ಬೋಲ್ಟಿಗೆ ಪಾನ ಹಾಕುವ ಮೊದಲೇ ಚೈನು ಬಿಗಿ ಮಾಡಬೇಕು. ಎಂಜಿನ್ನಿನ ಭಾರ ಚೈನಿಗೆ ಬಂದು, ಗಾಡಿಯ ಮುಂಭಾಗ ಕೊಂಚ ಮೇಲೆದ್ದದ್ದು ಕಂಡ ನಂತರವೇ ಬೋಲ್ಟು. ಅವಸರದ ಹುಡುಗರು ತಪ್ಪುವುದು ಇಲ್ಲೇ. ಚೈನು ಸಡಿಲವಿರುವಾಗ ಕೊನೆಯ ಬೋಲ್ಟು ಬಿಚ್ಚಿದರೆ ಎಂಜಿನ್ ಒಂದೇ ಏಟಿಗೆ ನಾಲ್ಕು ಬೆರಳು ಕುಸಿಯುತ್ತದೆ. ಹಾಗೆ ಕುಸಿದ ಎಂಜಿನ್ ಚೈನಿನ ಮೇಲೆ ಹಾಕುವ ಜಗ್ಗು ಅದರ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಗೇರ್‌ಬಾಕ್ಸ್ ಗಾಡಿಯಲ್ಲೇ ಉಳಿಯುವುದಾದರೆ ಅದಕ್ಕೂ ಬೇರೆ ಆಸರೆ ಬೇಕು. ಎಂಜಿನ್ ಮುಂದಕ್ಕೆ ಸರಿಯುವಾಗ ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನ ನಡುವಿನಿಂದ ಹೊರಬರುತ್ತದೆ. ಆ ಕ್ಷಣದಲ್ಲಿ ಎರಡರಲ್ಲಿ ಯಾವುದೊಂದರ ಭಾರವೂ ಶಾಫ್ಟಿನ ಮೇಲೆ ತೂಗಬಾರದು, ತೂಗಿದರೆ ಕ್ಲಚ್ ಪ್ಲೇಟ್ ಬಾಗುತ್ತದೆ. ಹಾಗಾಗಿ ಗೇರ್‌ಬಾಕ್ಸಿನ ಅಡಿಗೆ ಜಾಕಿ, ಜಾಕಿಯ ತಲೆಗೆ ಮರದ ತುಂಡು. ಗೇರ್‌ಬಾಕ್ಸ್ ಸಮೇತ ಎತ್ತುವುದಾದರೆ ಮುಂಭಾಗ ಮೇಲಾಗಿ ಹಿಂಭಾಗ ತಗ್ಗುವಂತೆ ಚೈನನ್ನು ಓರೆಯಾಗಿ ಕಟ್ಟಿಕೊಳ್ಳಬೇಕು.

ಮರದ ಕೊಂಬೆಗೆ ಬ್ಲಾಕ್ ಕಟ್ಟುವುದು ಹಳ್ಳಿಗಳಲ್ಲಿ ತೀರ ಸಾಮಾನ್ಯವಾಗಿತ್ತು. ಹುಣಸೆ ಮರಕ್ಕೆ ಮೊದಲ ಮಣೆ: ಅದರ ಕೊಂಬೆ ಬಾಗುತ್ತದೆ, ಸುಲಭವಾಗಿ ಮುರಿಯುವುದಿಲ್ಲ. ನುಗ್ಗೆಯನ್ನಂತೂ ಯಾರೂ ನಂಬುತ್ತಿರಲಿಲ್ಲ. ಎಷ್ಟು ಗಟ್ಟಿ ಮರವಾದರೂ ಕೊಂಬೆಯ ಒಳಗಿನ ಟೊಳ್ಳು, ಗೆದ್ದಲು ಹೊರಗಿನಿಂದ ಕಾಣುವುದಿಲ್ಲ ಎಂಬುದನ್ನು ಮರೆಯುವಂತಿಲ್ಲ. ಮನೆಯ ಜಂತೆ, ಶೆಡ್ಡಿನ ತೊಲೆಗಳ ಪಾಡೂ ಅಷ್ಟೇ. ಹೆಂಚು, ಶೀಟು ಹೊರಲು ಹಾಕಿದ ತೊಲೆ ಒಂದೇ ಬಿಂದುವಿನಲ್ಲಿ ತೂಗುವ ಎರಡು ಕ್ವಿಂಟಲಿಗೆ ಮಾಡಿದ್ದಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಮೂರು ಕಾಲಿನ ಟ್ರೈಪಾಡ್. ನಾಗಮಂಗಲ, ಕೆ.ಆರ್. ಪೇಟೆ ಕಡೆ ಇದು ಮೆಕ್ಯಾನಿಕ್‌ಗಳಿಗಿಂತ ಮೊದಲು ಕೊಳವೆಬಾವಿಯ ಮೋಟಾರು ಎತ್ತುವವರ ಆಸ್ತಿ. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ನೂರಾರು ಅಡಿ ಆಳಕ್ಕೆ ಹೋದ ಮೇಲೆ, ಸುಟ್ಟ ಮೋಟಾರನ್ನು ಪೈಪಿನ ಸಮೇತ ಮೇಲೆತ್ತುವುದೇ ಒಂದು ಕಸುಬಾಯಿತು. ಒಂದೊಂದೇ ಪೈಪು ಮೇಲೆ ಬಂದಾಗ ಕೆಳಗಿನ ಪೈಪಿಗೆ ಕ್ಲಾಂಪ್ ಬಿಗಿದು ಕೇಸಿಂಗಿನ ಬಾಯಿಗೆ ಕೂರಿಸಿ, ಅನಂತರವೇ ಮೇಲಿನದನ್ನು ತಿರುಗಿಸಿ ಬಿಚ್ಚುತ್ತಾರೆ. ಕ್ಲಾಂಪ್ ತಪ್ಪಿದರೆ ಉಳಿದ ಪೈಪು, ಮೋಟಾರು, ಕೇಬಲ್ಲು ಎಲ್ಲವೂ ಪಾತಾಳಕ್ಕೆ. ಹಿಡಿಯದೆ ಬಿಡಬಾರದು ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ಕಲಿಸುವ ಕೆಲಸ ಮತ್ತೊಂದು ಇರಲಾರದು. ಊರಿನ ಯಾರದೋ ಮನೆಯಂಗಳದಲ್ಲಿ ಕಾರಿನ ಎಂಜಿನ್ ಇಳಿಸಬೇಕಾದಾಗ ಇವರ ಟ್ರೈಪಾಡು, ಬ್ಲಾಕುಗಳೇ ಎರವಲು ಬರುತ್ತವೆ. ಎಷ್ಟೋ ಸಲ ಜನವೂ.

ಟ್ರೈಪಾಡ್ ನಿಲ್ಲಿಸುವುದರಲ್ಲಿ ಕೆಲವು ಸೂಕ್ಷ್ಮಗಳಿವೆ. ಭಾರ ಬಿದ್ದಾಗ ಮೂರೂ ಕಾಲು ಹೊರಕ್ಕೆ ಜಾರಲು ನೋಡುತ್ತವೆ. ಮಣ್ಣಿನ ಅಂಗಳದಲ್ಲಿ ಕಾಲಿನ ತುದಿಗೆ ಅಂಗೈಯಾಳದ ಗುಳಿ ತೋಡುವುದು, ಸಿಮೆಂಟಿನ ನೆಲವಾದರೆ ಮೂರೂ ಕಾಲನ್ನು ಬುಡದಲ್ಲಿ ಚೈನಿನಿಂದ ಒಂದಕ್ಕೊಂದು ಬಿಗಿಯುವುದು ಇದಕ್ಕೆ ಉಪಾಯ. ಹಸಿ ಮಣ್ಣಿನಲ್ಲಿ ಒಂದು ಕಾಲು ಹೂತರೂ ಇಡೀ ಕಟ್ಟು ಓರೆಯಾಗುವುದರಿಂದ ಅಡಿಗೆ ಚಪ್ಪಡಿ ಅಥವಾ ಹಲಗೆ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಭಾರ ಮೂರು ಕಾಲುಗಳ ತ್ರಿಕೋನದ ನಡುವೆಯೇ ನೇರವಾಗಿ ತೂಗಬೇಕು. ಎತ್ತಿದ ಎಂಜಿನ್ನನ್ನು ಗಾಡಿಯಿಂದ ಆಚೆಗೆ ಜಗ್ಗಿ ಎಳೆದರೆ ಟ್ರೈಪಾಡ್ ಮಗುಚುತ್ತದೆ. ಆದ್ದರಿಂದ ಅನುಭವಿಗಳು ಎಂಜಿನ್ನನ್ನು ಮುಟ್ಟುವುದೇ ಇಲ್ಲ, ಗಾಡಿಯನ್ನು ಹಿಂದಕ್ಕೆ ತಳ್ಳುತ್ತಾರೆ. ಎಂಜಿನ್ ತೂಗಿದಲ್ಲೇ ತೂಗುತ್ತಿರುತ್ತದೆ, ಅದರ ಕೆಳಗಿನಿಂದ ಗಾಡಿ ಸರಿದುಹೋಗುತ್ತದೆ. ಚಕ್ರಗಳಲ್ಲಿ ಗಾಳಿ ಇದೆಯೇ, ಹಿಂದೆ ಜಾಗ ಇದೆಯೇ ಎಂದು ಮೊದಲೇ ನೋಡಿಕೊಂಡಿರಬೇಕಷ್ಟೆ. ಗಾಡಿ ಸರಿದ ಕೂಡಲೇ ಎಂಜಿನ್ನನ್ನು ಮೊಣಕಾಲಿಗಿಂತ ಕೆಳಗೆ ಇಳಿಸಿಬಿಡುವುದು ಒಳ್ಳೆಯ ರೂಢಿ.

ಎಂಜಿನ್ನಿಗೆ ಚೈನು ಎಲ್ಲಿ ಕಟ್ಟಬೇಕು ಎಂಬುದೂ ಪೆಟ್ಟು ತಿಂದು ಕಲಿತ ವಿದ್ಯೆ. ತಯಾರಕರು ಎತ್ತಲೆಂದೇ ಕೊಟ್ಟ ಕೊಂಡಿಗಳಿದ್ದರೆ ಅವೇ ಸರಿ. ಇಲ್ಲದಿದ್ದರೆ ಎರಕದ ಎಂಜಿನ್ ಬ್ಲಾಕಿನಲ್ಲಿ ಆಳವಾಗಿ ಕೂರುವ ಗಟ್ಟಿ ಬೋಲ್ಟಿಗೆ ಪಟ್ಟಿ ಬಿಗಿದು ಅದಕ್ಕೆ ಚೈನು. ಸೆಣಬಿನ ಹಗ್ಗವನ್ನು ಮ್ಯಾನಿಫೋಲ್ಡಿಗೆ ಸುತ್ತಿ ಎತ್ತುತ್ತಿದ್ದ ಕಾಲವೊಂದಿತ್ತು. ಎರಕದ ಚೂಪು ಅಂಚಿಗೆ ಹಗ್ಗ ಕುಯ್ದುಹೋಗುತ್ತಿತ್ತು, ಎಣ್ಣೆ ಕುಡಿದ ಗಂಟು ಜಾರುತ್ತಿತ್ತು. ಎರಡು ಎಳೆ ಚೈನು ಕಟ್ಟಿದಾಗ ಅವುಗಳ ನಡುವಿನ ಕೋನಕ್ಕೂ ಲೆಕ್ಕವಿದೆ. ಕೋನ 60 ಡಿಗ್ರಿ ಇದ್ದರೆ ಪ್ರತಿ ಎಳೆಯ ಮೇಲೆ ಒಟ್ಟು ತೂಕದ ಶೇ 58ರಷ್ಟು ಜಗ್ಗು. 90 ಡಿಗ್ರಿಗೆ ಶೇ 71. 120 ಡಿಗ್ರಿಗೆ ಒಂದೊಂದು ಎಳೆಯೂ ಪೂರ್ತಿ ತೂಕವನ್ನು ಹೊರಬೇಕು. ಚೈನು ಗಿಡ್ಡವಾದಷ್ಟೂ ಕೋನ ಅಗಲವಾಗುತ್ತದೆ. ಉದ್ದ ಚೈನು ಕಟ್ಟಿ ಎಂಬ ಹಳೆಯ ಮೇಸ್ತ್ರಿಗಳ ಮಾತಿಗೆ ಇರುವ ಗಣಿತ ಇದೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಈ ಕ್ರಮ ಬುಡಮೇಲಾಯಿತು. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಎಂಜಿನ್ ಹಗುರ. ಅದು ಗಾಡಿಗೆ ಅಡ್ಡಲಾಗಿ ಕೂತಿರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕಕ್ಕೇ ಅಂಟಿಕೊಂಡಿರುತ್ತದೆ, ಡ್ರೈವ್ ಶಾಫ್ಟುಗಳು ಮುಂದಿನ ಚಕ್ರಗಳಿಗೆ ಹೋಗುತ್ತವೆ. ಮರುವರ್ಷ ಬಂದ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಅದನ್ನು ಕೆಳಗಿನಿಂದ ಇಳಿಸುವುದೇ ರೂಢಿಯಾಯಿತು. ಈಗ ಎಂಜಿನ್ನಿನಷ್ಟೇ ಗಾಡಿಯ ಮೈಯನ್ನೂ ಎತ್ತಿ ನಿಲ್ಲಿಸಬೇಕಾಗಿ ಬಂತು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಮಾತ್ರ ಇಳಿಸುವಾಗ ಎಂಜಿನ್ ಗಾಡಿಯಲ್ಲೇ ಉಳಿದರೂ ಒಂದು ಬದಿಯ ಮೌಂಟ್ ಕಳಚಿರುತ್ತದೆ. ಆಗ ಎರಡು ಮಡ್‌ಗಾರ್ಡುಗಳ ಗಟ್ಟಿ ಅಂಚಿನ ಮೇಲೆ ಅಡ್ಡಪಟ್ಟಿ ಹಾಸಿ, ಅದರಿಂದ ಇಳಿಬಿಟ್ಟ ಕೊಕ್ಕೆಗೆ ಎಂಜಿನ್ ತೂಗುಹಾಕುತ್ತಾರೆ. ಕಂಪನಿಯ ಸಲಕರಣೆ ಸಿಗದ ಕಡೆ ದಪ್ಪ ಕಬ್ಬಿಣದ ಪೈಪೇ ಈ ಕೆಲಸ ಮಾಡಿತು. ಬಿದಿರು, ಮರದ ಕೋಲಿನಲ್ಲಿ ಇದನ್ನು ಮಾಡುವುದು ತಪ್ಪು. ಭಾರ ಹಗುರವೆಂದು ಇಬ್ಬರು ಕೈಯಲ್ಲೇ ಎತ್ತುವ ದುಸ್ಸಾಹಸವೂ ಈ ಕಾಲದಲ್ಲೇ ಹೆಚ್ಚಿತು; ಬಗ್ಗಿದ ಬೆನ್ನಿನಲ್ಲಿ ಎತ್ತಿ ಸೊಂಟ ಕಳೆದುಕೊಂಡವರಿಗೆ ಎಂಜಿನ್ ಹಗುರವೆನ್ನುವುದು ಸಮಾಧಾನದ ಮಾತಲ್ಲ.

ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸ ಹೆಚ್ಚಿದಂತೆ ಜಾಕಿಯ ಮೇಲಿನ ಕುರುಡು ನಂಬಿಕೆ ಅಪಾಯಕ್ಕೆ ದಾರಿಯಾಯಿತು. ಜಾಕಿ ಎತ್ತುವ ಸಾಧನ, ಹೊತ್ತು ನಿಲ್ಲುವ ಸಾಧನವಲ್ಲ. ಹೈಡ್ರಾಲಿಕ್ ಜಾಕಿಯ ಒಳಗಿನ ರಬ್ಬರ್ ಸೀಲ್ ಸೋರಿದರೆ ಅದು ಸದ್ದಿಲ್ಲದೆ ಇಳಿಯುತ್ತದೆ. ಇಟ್ಟಿಗೆ, ಟೊಳ್ಳು ಸಿಮೆಂಟ್ ಇಟ್ಟಿಗೆಗಳು ಗೋಡೆಯಲ್ಲಿ ಹರಡಿದ ಭಾರ ಹೊರಬಲ್ಲವು. ಚಾಸಿಯ ಒಂದು ಮೂಲೆ ಒಂದೇ ಕಡೆ ಒತ್ತಿದರೆ ಮುನ್ಸೂಚನೆಯಿಲ್ಲದೆ ಸಿಡಿಯುತ್ತವೆ. ಗಟ್ಟಿ ಮರದ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿದ ಒಟ್ಟಿಲು ಹಾಗಲ್ಲ. ಹಳೆಯ ರೈಲ್ವೆ ಸ್ಲೀಪರಿನ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದಂಥವು. ಮುರಿಯುವ ಮೊದಲು ಮರ ಲಟಲಟ ಎನ್ನುತ್ತದೆ, ಜೀವ ಉಳಿಸಿಕೊಳ್ಳಲು ಒಂದು ಗಳಿಗೆ ಸಿಗುತ್ತದೆ.

ಒಟ್ಟಿಲು ಮತ್ತು ಜಾಕಿಗಳ ಈ ಜೋಡಿ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಶ್ರೀರಂಗಪಟ್ಟಣ 2017ರಲ್ಲಿ ಕಂಡಿತು. ಬೆಂಗಳೂರು–ಮೈಸೂರು ಜೋಡಿ ಹಳಿಯ ಕಾಮಗಾರಿಗೆ ಟಿಪ್ಪು ಕಾಲದ, 18ನೇ ಶತಮಾನದ ಕೊನೆಯ ಶಸ್ತ್ರಾಗಾರವೊಂದು ಅಡ್ಡವಾಗಿತ್ತು. ಇಟ್ಟಿಗೆ, ಗಾರೆಯ ಆ ಕಟ್ಟಡ ಸುಮಾರು ಸಾವಿರ ಟನ್ ತೂಗುತ್ತದೆ. ಒಡೆಯುವ ಬದಲು ಅದನ್ನು ಇಡಿಯಾಗಿ ಸಾಗಿಸಲು ರೈಲ್ವೆ ನಿರ್ಧರಿಸಿ, ಅಮೆರಿಕದ ವುಲ್ಫ್ ಎಂಬ ಕಟ್ಟಡ ಸಾಗಿಸುವ ಸಂಸ್ಥೆಯ ನೆರವು ಪಡೆಯಿತು. ಸುತ್ತ ಮಣ್ಣು ಅಗೆದು, ತಳಪಾಯದ ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಎಲ್ಲ ಜಾಕಿಗಳೂ ಒಂದೇ ಪ್ರಮಾಣದಲ್ಲಿ ಮೇಲೇಳುವಂತೆ ನಿಯಂತ್ರಿಸಿ ಕಟ್ಟಡವನ್ನು ಎತ್ತಲಾಯಿತು. ಆ ವರ್ಷದ ಮಾರ್ಚ್‌ನಲ್ಲಿ ಅದು ಸುಮಾರು 130 ಮೀಟರ್ ಸರಿದು ಹೊಸ ಜಾಗದಲ್ಲಿ ಕೂತಿತು. ಒಂದು ಮೂಲೆ ಮುಂಚೆ, ಇನ್ನೊಂದು ತಡವಾಗಿ ಎದ್ದಿದ್ದರೆ ಗಾರೆ ಬಿರುಕು ಬಿಡುತ್ತಿತ್ತು. ಅಂಬಾಸಿಡರಿನ ಮುಂಭಾಗವನ್ನು ಎರಡು ಜಾಕಿಗಳಿಂದ ಎತ್ತುವವನೂ ಒಂದನ್ನು ನಾಲ್ಕು ಸಲ ಒತ್ತಿದರೆ ಇನ್ನೊಂದನ್ನೂ ನಾಲ್ಕೇ ಸಲ ಒತ್ತುತ್ತಾನೆ.

ಈಗ ಮಡಿಚಿಡಬಹುದಾದ ಹೈಡ್ರಾಲಿಕ್ ಎಂಜಿನ್ ಕ್ರೇನ್ ಸಣ್ಣ ಪಟ್ಟಣಗಳ ವರ್ಕ್‌ಶಾಪುಗಳಿಗೂ ಬಂದಿದೆ. ಅದರ ತೋಳನ್ನು ಉದ್ದ ಮಾಡಿದಷ್ಟೂ ಹೊರುವ ಶಕ್ತಿ ಇಳಿಯುತ್ತದೆ: ಎರಡು ಟನ್ ಎಂದು ಬರೆದಿರುವ ಸಾಮಾನ್ಯ ಮಾದರಿ ತೋಳು ಪೂರ್ತಿ ಚಾಚಿದಾಗ ಅರ್ಧ ಟನ್ನಿಗೆ ಮಾತ್ರ ತಕ್ಕದ್ದು. ಅದರ ಚಕ್ರಗಳು ಚಿಕ್ಕವು, ಸಿಮೆಂಟಿನ ನೆಲಕ್ಕೆ ಮಾಡಿದವು. ಸಾರಿಸಿದ ಮಣ್ಣಿನ ಅಂಗಳದಲ್ಲಿ ಒಂದು ಸಣ್ಣ ಕಲ್ಲು ಚಕ್ರಕ್ಕೆ ಸಿಕ್ಕರೂ ತೂಗುವ ಎಂಜಿನ್ ಮುಂದಕ್ಕೆ ತೊನೆದು ಕ್ರೇನನ್ನೇ ಎಳೆದುಕೊಳ್ಳುತ್ತದೆ. ಹಳ್ಳಿಯ ಅಂಗಳಕ್ಕೆ ಇಂದಿಗೂ ಟ್ರೈಪಾಡೇ ವಾಸಿ. ಇಳಿಸಿದ ಎಂಜಿನ್ನಿಗೆ ಲಾರಿಯ ಹಳೆಯ ಟಯರು ಒಳ್ಳೆಯ ಪೀಠ. ತೆಳು ತಗಡಿನ ಆಯಿಲ್ ಸಂಪ್ ನೆಲಕ್ಕೆ ತಾಗುವುದಿಲ್ಲ, ಎಂಜಿನ್ ಹೊರಳುವುದೂ ಇಲ್ಲ. ಸಿಲಿಂಡರಿನ ಬೋರು ಕೆಲಸಕ್ಕೆ ಮಂಡ್ಯಕ್ಕೋ ಮೈಸೂರಿಗೋ ಗೂಡ್ಸ್ ಆಟೊದಲ್ಲಿ ಸಾಗಿಸುವಾಗಲೂ ಅದೇ ಟಯರಿನ ಮೇಲಿಟ್ಟು ನಾಲ್ಕು ದಿಕ್ಕಿಗೆ ಹಗ್ಗ ಬಿಗಿಯಬೇಕು.

1948ರ ಕಾರ್ಖಾನೆಗಳ ಕಾಯಿದೆಯ 29ನೇ ಸೆಕ್ಷನ್ ಭಾರ ಎತ್ತುವ ಯಂತ್ರ, ಚೈನು, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಬೇಕೆಂದೂ, ನಿಗದಿತ ಮಿತಿಗಿಂತ ಹೆಚ್ಚು ಭಾರ ಹೇರಬಾರದೆಂದೂ ವಿಧಿಸಿತು. ವಿದ್ಯುತ್ ಬಳಸುವ ಕಡೆ ಕನಿಷ್ಠ ಹತ್ತು ಮಂದಿ ದುಡಿದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. ಇಬ್ಬರು ಹುಡುಗರನ್ನು ಇಟ್ಟುಕೊಂಡ ರಸ್ತೆಬದಿಯ ಶೆಡ್ಡು, ಕೊಳವೆಬಾವಿಯ ಮೋಟಾರು ಎತ್ತುವ ತಂಡ, ಮನೆಯ ಅಂಗಳ ಯಾವುದೂ ಆ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಊರಿಂದೂರಿಗೆ ಎರವಲು ತಿರುಗುವ ಚೈನ್ ಬ್ಲಾಕನ್ನು ಪರೀಕ್ಷಿಸುವ ಅಧಿಕಾರಿ ಯಾರೂ ಇಲ್ಲ. ಅದನ್ನು ಕಟ್ಟುವವರೇ ನೋಡಿಕೊಳ್ಳಬೇಕು. ಕೊಕ್ಕೆಯ ಬಾಯಿ ಅಗಲವಾಗಿದ್ದರೆ, ಬಾಯಿಗೆ ಅಡ್ಡ ಬರುವ ನಾಲಿಗೆ ಮುರಿದಿದ್ದರೆ, ಚೈನಿನ ಒಂದು ಕೊಂಡಿ ಉಳಿದವಕ್ಕಿಂತ ಉದ್ದವಾಗಿ ಅಥವಾ ಸವೆದು ಕಂಡರೆ, ನಿಲ್ಲಿಸಿದ ಭಾರ ತಾನಾಗಿ ಬೆರಳಷ್ಟು ಇಳಿದರೂ ಆ ಬ್ಲಾಕನ್ನು ಪಕ್ಕಕ್ಕಿಟ್ಟು ಬೇರೊಂದನ್ನು ತರಿಸಬೇಕು. ಬಾಡಿಗೆಗೆ ಕೊಡುವವರು ವರ್ಷಕ್ಕೊಮ್ಮೆ ಇಷ್ಟನ್ನು ನೋಡಿ, ಹೊರುವ ತೂಕವನ್ನು ಬ್ಲಾಕಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿಡಲಿ.